ಮರಿತಾಯಮ್ಮ ಮತ್ತು ಗೋಡೆಯೊಳಗಿನ ನೀರು

ಮರಿತಾಯಮ್ಮನಿಗೆ ಕೋಪ ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಮಂಡ್ಯದ ಹೈಸ್ಕೂಲಿನಲ್ಲಿ ಎಂಟು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವಳು. ಮಿಸ್ಸು ಪಿಸುಮಾತಿಗೆ ಇಳಿದರೆಂದರೆ ಕೊನೇ ಬೆಂಚಿನ ಹುಡುಗರೂ ಕೈಕಟ್ಟಿ ಕೂರುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ಆ ದನಿಯ ಅರ್ಥ ಗೊತ್ತಿದ್ದವರು ಇಬ್ಬರೇ, ಗಂಡ ಶಿವರಾಮು ಮತ್ತು ಏಳು ವರ್ಷದ ಮಗಳು ನಿಸರ್ಗಾ.

ಶಿವರಾಮು ಒಂದು ಸ್ಟಾರ್ಟಪ್ಪಿನಲ್ಲಿ ಇಂಜಿನಿಯರು. ಅವನ ವೀಸಾದ ಬಾಲಕ್ಕೆ ಅಂಟಿಕೊಂಡು ಬಂದವಳು ಮರಿತಾಯಮ್ಮ. ಕಾಗದಪತ್ರಗಳಲ್ಲೆಲ್ಲ ಅವಳ ಹೆಸರಿನ ಮುಂದೆ 'ಡಿಪೆಂಡೆಂಟ್' ಎಂದೇ ಇರುತ್ತಿತ್ತು. ಕೆಲಸ ಮಾಡುವ ಹಾಗಿಲ್ಲ. ಎರಡು ವರ್ಷ ಅಪಾರ್ಟ್‌ಮೆಂಟಿನಲ್ಲಿ ಕಳೆದ ಮೇಲೆ, ತೊಂಬತ್ತೊಂಬತ್ತರ ವಸಂತದಲ್ಲಿ ಅವರು ಹೇವರ್ಡಿನಲ್ಲಿ ಹೊಸದಾಗಿ ಕಟ್ಟಿದ ಒಂದು ಟೌನ್‌ಹೌಸು ಕೊಂಡರು. ಕ್ಯುಪರ್ಟಿನೋದಲ್ಲಿ ಸ್ಕೂಲು ಚೆನ್ನ, ಆದರೆ ಅಲ್ಲಿನ ಮನೆಗಳು ಕೈಗೆ ಎಟುಕುತ್ತಿರಲಿಲ್ಲ. "ಕಂಪನಿ ಐಪಿಓ ಆಗಿ ಷೇರು ಪೇಟೆಗೆ ಬರ್ಲಿ, ಅಲ್ಲಿಗೇ ಹೋಗೋಣ" ಎಂದು ಶಿವರಾಮು ಹೇಳುತ್ತಿದ್ದ. ಆ ವರ್ಷ ಬೇ ಏರಿಯಾದಲ್ಲಿ ಎಲ್ಲ ಗಂಡಂದಿರೂ ಇದನ್ನೇ ಹೇಳುತ್ತಿದ್ದರು.

ಕಾಲನಿಯಲ್ಲಿ ಒಟ್ಟು ಮೂವತ್ತಾರು ಮನೆ, ಎಲ್ಲವೂ ಒಂದೇ ಅಚ್ಚು. ಕೆಳಗೆ ಹಾಲು, ಅಡುಗೆಮನೆ. ಮೇಲೆ ಮೂರು ರೂಮು, ನಡುವೆ ಸಣ್ಣ ಕಾರಿಡಾರು, ಕಾರಿಡಾರಿನ ಕೊನೆಯಲ್ಲಿ ಬೀರುವಿನಷ್ಟು ಅಗಲದ ಕ್ಲಾಸೆಟ್ಟಿನೊಳಗೆ ಫರ್ನೇಸು. ಗ್ಯಾಸು ಉರಿಸಿ ಇಡೀ ಮನೆಗೆ ಬಿಸಿಗಾಳಿ ಊದುವ ಯಂತ್ರ ಅದು. ಹೊಸ ಮಾದರಿಯದು, ಗ್ಯಾಸು ಕಡಿಮೆ ತಿನ್ನುತ್ತದೆ ಎಂದು ಮನೆ ಮಾರಿದವರು ಹೊಗಳಿದ್ದರು. ಕ್ಲಾಸೆಟ್ಟಿನ ಗೋಡೆಯ ಆಚೆ ಬದಿ ನಿಸರ್ಗಾಳ ರೂಮು.

ಡಿಸೆಂಬರಿನ ಮೊದಲ ವಾರ ಆ ಗೋಡೆಯ ಬುಡದಲ್ಲಿ ಕಾರ್ಪೆಟ್ಟು ಒದ್ದೆಯಾಯಿತು.

ಮೊದಲು ಮರಿತಾಯಮ್ಮ ಮಗಳನ್ನೇ ಬೈದಳು, ನೀರಿನ ಬಾಟಲಿ ಚೆಲ್ಲಿದ್ದೀಯಾ ಎಂದು. "ಐ ಡಿಡಿಂಟ್, ಅಮ್ಮಾ" ಎಂದಳು ನಿಸರ್ಗಾ. ಒರೆಸಿದರೆ ಮಾರನೆಯ ದಿನ ಮತ್ತೆ ಒದ್ದೆ. ಒಂದು ವಾರದಲ್ಲಿ ಗೋಡೆಯ ಬಿಳಿ ಬಣ್ಣ ಉಬ್ಬಿ, ಅದರ ಮೇಲೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಎದ್ದವು. ರೂಮಿನ ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ನಿಸರ್ಗಾಳಿಗೆ ಕೆಮ್ಮು ಹತ್ತಿತು.

ಮನೆ ಕಟ್ಟಿದ ಕಂಪನಿಯ ವಾರಂಟಿ ಆಫೀಸಿಗೆ ನಾಲ್ಕು ಸಲ ಫೋನು ಮಾಡಿದ ಮೇಲೆ ಕ್ರೇಗ್ ಎಂಬವನು ಬಂದ. ಕೈಯಲ್ಲಿ ಕ್ಲಿಪ್‌ಬೋರ್ಡು, ಮುಖದಲ್ಲಿ ನಗು. ಬಾಗಿಲಲ್ಲಿ ನಿಂತೇ ಕೇಳಿದ, "ಮನೆಯವರು ಇದ್ದಾರಾ?"

"ನಾನೇ ಮನೆಯವಳು."

"ನಿಮ್ಮ ಹೆಸರು?"

"ಮರಿತಾಯಮ್ಮ."

"ಮೇರಿ ಅನ್ನಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾಗೆಯೇ ಬರೆದುಕೊಂಡ.

ಮೇಲೆ ಹೋಗಿ ಗೋಡೆ ಮುಟ್ಟಿದ, ಮೂಸಿದ. ಫರ್ನೇಸಿನ ಕ್ಲಾಸೆಟ್ಟು ತೆಗೆದು ನೋಡಿದ. ಒಳಗೆ ನೆಲ ಒಣಗಿತ್ತು. ಫರ್ನೇಸಿನ ಹೊಟ್ಟೆಯಿಂದ ಒಂದು ಬಿಳಿ ಪ್ಲಾಸ್ಟಿಕ್ ಪೈಪು ಹೊರಟು ನೀಟಾಗಿ ಗೋಡೆಯೊಳಗೆ ಹೋಗಿತ್ತು. "ಇಲ್ಲೇನೂ ತೊಂದರೆ ಇಲ್ಲ" ಎಂದು ಬಾಗಿಲು ಹಾಕಿದ. ಅಷ್ಟರಲ್ಲಿ ಕೆಳಗೆ ಕುಕ್ಕರು ಕೂಗಿತು. ಅವನ ಮುಖ ಅರಳಿತು. ಹುಡುಕುತ್ತಿದ್ದದ್ದು ಸಿಕ್ಕಿತು ಎಂಬಂತೆ ಮೆಟ್ಟಿಲಿಳಿದು ಅಡುಗೆಮನೆಗೆ ಹೋಗಿ, ಕುಕ್ಕರಿನ ಹಬೆಯನ್ನೂ ಪಕ್ಕದಲ್ಲಿ ಕುದಿಯುತ್ತಿದ್ದ ಸಾರನ್ನೂ ನೋಡುತ್ತ ನಿಂತ.

"ನೀವು ದಿನಾ ಹೀಗೆ ಬೇಯಿಸ್ತೀರಾ?"

"ಊಟ ಮಾಡೋದು ದಿನಾ ಅಲ್ವಾ?"

"ನೋಡಿ ಮೇರಿ, ಇದು ಲೀಕ್ ಅಲ್ಲ. ಇದು ಲೈಫ್‌ಸ್ಟೈಲ್. ನಿಮ್ಮ ಜನ ತುಂಬ ನೀರು ಕುದಿಸ್ತೀರಿ. ಆ ಹಬೆ ಮೇಲೆ ಹೋಗಿ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತೆ. ಇದಕ್ಕೆ ವಾರಂಟಿ ಬರಲ್ಲ." ಒಂದು ಬಣ್ಣದ ಹಾಳೆ ಕೊಟ್ಟ. ಕಿಟಕಿ ತೆಗೆದಿಡಿ, ಮುಚ್ಚಳ ಮುಚ್ಚಿ ಬೇಯಿಸಿ, ಸ್ನಾನ ಬೇಗ ಮುಗಿಸಿ ಎಂದು ಅದರಲ್ಲಿ ಬರೆದಿತ್ತು.

ಹಬೆ ತಣ್ಣಗಾದರೆ ನೀರಾಗುತ್ತದೆ ಎಂದು ಎಂಟು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳಿಗೆ ಅವನು ಅದನ್ನೇ ಬೆರಳು ಆಡಿಸಿ ಹೇಳಿಕೊಟ್ಟು ಹೋದ. ಅವನ ವ್ಯಾನು ತಿರುಗಿ ಮರೆಯಾಗುವವರೆಗೂ ಮರಿತಾಯಮ್ಮ ಬಾಗಿಲಲ್ಲೇ ನಿಂತಿದ್ದಳು.

ಶಿವರಾಮು ಸಂಜೆ ಬಂದವನೇ ಆ ಹಾಳೆ ಓದಿ, "ಇರಬಹುದು ಕಣೇ, ಕಿಟಕಿ ತೆಗೆದಿಡೋಣ" ಎಂದ.

"ಹಬೆ ಆಗಿದ್ರೆ ಅಡುಗೆಮನೆ ಗೋಡೆ ಯಾಕೆ ಒಣಗಿದೆ? ಬಚ್ಚಲುಮನೆ ಗೋಡೆ ಯಾಕೆ ಒಣಗಿದೆ? ಹಬೆ ಮೆಟ್ಟಿಲು ಹತ್ತಿ, ಕಾರಿಡಾರು ದಾಟಿ, ಹುಡುಕ್ಕೊಂಡು ಮಗು ರೂಮಿಗೇ ಹೋಗುತ್ತೇನ್ರೀ?"

"ನಂಗೆ ಗೊತ್ತಿಲ್ಲ ಮರೀ. ಎರಡು ಸಾವಿರದ ಇಸವಿ ಬರೋಕೆ ಮೂರು ವಾರ ಇದೆ, ಕಂಪ್ಯೂಟರುಗಳೆಲ್ಲ ತಾರೀಖು ತಪ್ಪಿ ಕೆಡ್ತವೆ ಅಂತ ಆಫೀಸಲ್ಲಿ ಕೆಲಸ ತಲೆ ಮೇಲೆ ಬಿದ್ದಿದೆ. ಸೋಮವಾರ ನಾನೇ ಫೋನ್ ಮಾಡ್ತೀನಿ."

ಆ ಸೋಮವಾರ ಬಂತು, ಹೋಯಿತು. ಇನ್ನೊಂದು ಸೋಮವಾರವೂ ಹೋಯಿತು. ಕಿಟಕಿ ತೆಗೆದಿಟ್ಟದ್ದಕ್ಕೆ ಚಳಿ ಒಳಗೆ ಬಂತು, ಚಳಿಗೆ ಫರ್ನೇಸು ಇನ್ನೂ ಹೆಚ್ಚು ಓಡಿತು, ಗೋಡೆ ಇನ್ನೂ ಹೆಚ್ಚು ಒದ್ದೆಯಾಯಿತು. ಕ್ರಿಸ್‌ಮಸ್ ರಜೆಯಲ್ಲಿ ಒಂದು ಬೆಳಿಗ್ಗೆ ನಿಸರ್ಗಾಳ ಎದೆ ಸಿಳ್ಳೆ ಹೊಡೆಯಲು ಶುರುವಾಯಿತು. ಡಾಕ್ಟರು ಇನ್‌ಹೇಲರು ಕೊಟ್ಟು, ಮನೆಯಲ್ಲಿ ಬೂಷ್ಟು ಇದೆಯಾ ಎಂದು ಕೇಳಿದರು. ಮರಿತಾಯಮ್ಮ ಮಗಳ ಹಾಸಿಗೆಯನ್ನು ಎಳೆದು ತಮ್ಮ ರೂಮಿಗೆ ಹಾಕಿದಳು. ಆದರೆ ಆ ವಾಸನೆ ಬಾಗಿಲ ಸಂದಿಯಿಂದ ಅಲ್ಲಿಗೂ ಬರುತ್ತಿತ್ತು.

ಅವಳು ಕಾಲನಿಯ ಅಸೋಸಿಯೇಷನ್ ಅಧ್ಯಕ್ಷ ದ್ವಾರಕಾನಾಥರ ಮನೆಗೆ ಹೋದಳು. ಮೈಸೂರಿನವರು, ಐವತ್ತು ದಾಟಿದ ಇಂಜಿನಿಯರು. ಕನ್ನಡದವರು ಎಂಬ ಸಲಿಗೆಯಿಂದ ಮೊದಲಿನಿಂದಲೂ ಹಬ್ಬಕ್ಕೆ ಕರೆಯುವುದು, ಹೋಗುವುದು ಇತ್ತು. ಅವರು ಹೊರಗೆ ಡ್ರೈವ್‌ವೇಯಲ್ಲಿ ಕಾರು ಒರೆಸುತ್ತಿದ್ದರು. ಎಲ್ಲ ಕೇಳಿಸಿಕೊಂಡು ಬಟ್ಟೆ ಹಿಂಡಿದರು.

"ನೋಡಮ್ಮ, ಇಂಥದ್ದೆಲ್ಲ ದೊಡ್ಡದು ಮಾಡಬಾರದು. ಕಾಲನೀಲಿ ಬೂಷ್ಟಿದೆ ಅಂತ ಸುದ್ದಿ ಆದ್ರೆ ಮನೆಗಳ ಬೆಲೆ ಬಿದ್ಹೋಗುತ್ತೆ. ನೀವೂ ಕ್ಯುಪರ್ಟಿನೋಗೆ ಹೋಗೋರು ತಾನೆ? ಸ್ವಲ್ಪ ಬ್ಲೀಚ್ ಹಾಕಿ ಒರೆಸಿ, ಪೇಂಟ್ ಹೊಡೆಸಿ."

"ನಿಮ್ಮನೇಲಿ ಹೀಗೇನಾದ್ರೂ ಆಗಿದೆಯಾ ಸಾರ್?"

"ನಮ್ಮನೇಲಾ? ಏನೂ ಇಲ್ಲ" ಎಂದು ಅವರು ಬಗ್ಗಿ ಚಕ್ರ ಒರೆಸತೊಡಗಿದರು.

ಜನವರಿಯಲ್ಲಿ ಸ್ಕೂಲು ತೆರೆದ ದಿನ, ಮಗಳನ್ನು ಬಿಟ್ಟು ಬಂದು, ಮರಿತಾಯಮ್ಮ ಒಂದು ಹೊಸ ನೋಟ್‌ಬುಕ್ಕು ತೆಗೆದಳು. ಲ್ಯಾಬ್ ರೆಕಾರ್ಡಿನ ಹಾಗೆ ಗೆರೆ ಎಳೆದು ತಾರೀಖು ಬರೆದಳು. ಗೋಡೆಯ ಬುಡದಲ್ಲಿ ಕಾರ್ಪೆಟ್ಟಿನ ಮೂಲೆ ಎತ್ತಿ ಮಡಚಿ, ಹಳೇ ಹತ್ತಿ ಸೀರೆಯ ತುಂಡನ್ನು ಅಲ್ಲಿಗೆ ಒತ್ತಿಟ್ಟಳು. ಪ್ರತಿ ಬೆಳಿಗ್ಗೆ ಅದನ್ನು ಹಿಂಡಿ, ನೀರನ್ನು ಅಳತೆಯ ಗಾಜಿನ ಲೋಟಕ್ಕೆ ಇಳಿಸಿ, ಎಷ್ಟೆಂದು ಬರೆದಳು.

ಮೊದಲ ಮೂರು ದಿನ ಎಂದಿನಂತೆ ಅಡುಗೆ, ಸ್ನಾನ. ದಿನಕ್ಕೆ ಹೆಚ್ಚೂಕಡಿಮೆ ಒಂದೂವರೆ ಲೋಟ ನೀರು.

ಮುಂದಿನ ಮೂರು ದಿನ ಒಲೆಯನ್ನೇ ಹಚ್ಚಲಿಲ್ಲ. ಬ್ರೆಡ್ಡು, ಹಣ್ಣು, ಮೊಸರವಲಕ್ಕಿ. ಸ್ನಾನ ಹೇವರ್ಡಿನ ಈಜುಕೊಳದ ಷವರಿನಲ್ಲಿ. "ಏನೇ ಇದು, ಕಾಫೀನೂ ಇಲ್ವಾ?" ಎಂದ ಶಿವರಾಮು. "ಆಫೀಸಲ್ಲಿ ಕುಡೀರಿ" ಎಂದಳು. ನೀರು ಅದೇ ಒಂದೂವರೆ ಲೋಟ.

ಆಮೇಲಿನ ಮೂರು ದಿನ ಒಲೆ ಹಚ್ಚಿದಳು, ಫರ್ನೇಸು ಆರಿಸಿದಳು. ಕುಕ್ಕರು, ಸಾರು, ಇಡ್ಲಿ, ಬಕೆಟ್ಟುಗಟ್ಟಲೆ ಬಿಸಿನೀರು. ಮೂವರೂ ಸ್ವೆಟರಿನ ಮೇಲೆ ಸ್ವೆಟರು ಹಾಕಿ ಕೂತರು. ನಿಸರ್ಗಾ ಟೋಪಿ ಹಾಕಿಕೊಂಡೇ ಹೋಮ್‌ವರ್ಕ್ ಮಾಡಿದಳು. ಮೊದಲ ದಿನ ಅರ್ಧ ಲೋಟ ಬಂತು. ಎರಡನೆಯ ದಿನ ಎರಡು ಚಮಚ. ಮೂರನೆಯ ದಿನ ಸೀರೆಯ ತುಂಡು ಒಣಗಿತ್ತು.

ಫರ್ನೇಸು ಮತ್ತೆ ಹಚ್ಚಿದಳು. ಮಾರನೆಯ ಬೆಳಿಗ್ಗೆ ಒಂದೂವರೆ ಲೋಟ.

ಅದೇ ದಿನ ಲೈಬ್ರರಿಗೆ ಹೋಗಿ ಫರ್ನೇಸು ರಿಪೇರಿಯ ಪುಸ್ತಕ ಹುಡುಕಿಸಿಕೊಂಡು ಅಲ್ಲೇ ಕೂತು ಓದಿದಳು. ಓದುತ್ತ ಓದುತ್ತ ಅವಳಿಗೆ ಕ್ರೇಗನ ನಗುಮುಖ ಕಣ್ಣಿಗೆ ಕಟ್ಟಿ ಮೈ ಉರಿಯಿತು. ವಿಷಯ ಇಷ್ಟೇ. ಹಳೇ ಫರ್ನೇಸುಗಳು ಬಿಸಿ ಹೊಗೆಯನ್ನು ಹಾಗೇ ಮೇಲಕ್ಕೆ ಬಿಡುತ್ತವೆ. ಹೊಸ ಮಾದರಿಯವು ಆ ಹೊಗೆಯ ಶಾಖವನ್ನೂ ಹೀರಿಕೊಳ್ಳುತ್ತವೆ. ಹೊಗೆ ತಣ್ಣಗಾದಾಗ ಅದರೊಳಗಿನ ಆವಿ ನೀರಾಗುತ್ತದೆ. ಚಳಿಗಾಲದಲ್ಲಿ ದಿನಕ್ಕೆ ಹಲವು ಲೀಟರು; ಸೀರೆಯ ತುಂಡಿಗೆ ಬಂದದ್ದು ಒಂದಂಶ, ಉಳಿದದ್ದನ್ನು ಗೋಡೆಯೇ ಕುಡಿಯುತ್ತಿರಬೇಕು. ಆ ನೀರನ್ನು ಒಂದು ಪೈಪಿನಲ್ಲಿ ಇಳಿಜಾರಾಗಿ ಹರಿಸಿ ಮನೆಯ ಚರಂಡಿ ಪೈಪಿಗೆ ಸೇರಿಸಬೇಕು. ಮತ್ತೆ, ಆ ನೀರು ಹುಳಿ. ಗ್ಯಾಸು ಉರಿದ ಹೊಗೆಯಿಂದ ಬಂದದ್ದರಿಂದ ಅದರಲ್ಲಿ ಆಮ್ಲ ಇರುತ್ತದೆ.

ಆಮ್ಲ! ಮನೆಗೆ ಬಂದು ಚಿಟಿಕೆ ಅರಿಶಿನವನ್ನು ನೀರಲ್ಲಿ ಕದಡಿ, ಅದಕ್ಕೆ ಎಲೆ ಅಡಿಕೆಯ ಸುಣ್ಣ ಒಂದಿಷ್ಟು ಸೇರಿಸಿದಳು. ಆರತಿಯ ನೀರಿನಂತೆ ಕೆಂಪಾಯಿತು; ಆಮ್ಲ ಬಿದ್ದರೆ ಅದು ಮತ್ತೆ ಹಳದಿಗೆ ತಿರುಗಬೇಕು. ಎರಡು ಗಾಜಿನ ಲೋಟಗಳಿಗೆ ಐದೈದು ತೊಟ್ಟು ಕೆಂಪು ಬಿಟ್ಟಳು. ಶಿವರಾಮು ಆಫೀಸಿನಿಂದ ಬಂದಾಗ ಅವನನ್ನು ಷೂ ಬಿಚ್ಚಲೂ ಬಿಡದೆ ಮೇಜಿನ ಮುಂದೆ ಕೂರಿಸಿದಳು.

"ಇದು ಕುಕ್ಕರು ಮುಚ್ಚಳದಿಂದ ಇಳಿಸಿದ ನೀರು. ನನ್ನ ಲೈಫ್‌ಸ್ಟೈಲು" ಎಂದು ಒಂದು ಲೋಟಕ್ಕೆ ಸುರಿದಳು. ಕೆಂಪು ತೆಳುವಾಯಿತು, ಆದರೆ ಕೆಂಪಾಗಿಯೇ ಉಳಿಯಿತು.

"ಇದು ನಿಮ್ಮ ಮಗಳ ರೂಮಿನ ಗೋಡೆ ನೀರು." ಎರಡನೆಯ ಲೋಟಕ್ಕೆ ಅಷ್ಟೇ ಸುರಿದಳು. ಕೆಂಪು ಹೋಗಿ ನಿಂಬೆಹಣ್ಣಿನ ಹಳದಿಯಾಯಿತು.

ಶಿವರಾಮು ಎರಡೂ ಲೋಟ ಎತ್ತಿ ದೀಪಕ್ಕೆ ಹಿಡಿದು ನೋಡಿದ. "ಫರ್ನೇಸಿಂದು" ಎಂದ ಮೆಲ್ಲಗೆ.

"ಗೋಡೆಯೊಳಗೆ ಆ ಪೈಪು ಎಲ್ಲೋ ಬಿಟ್ಕೊಂಡಿದೆ. ಗೋಡೆ ತೆಗೆದು ನೋಡ್ಬೇಕು."

"ನಾವು ಗೋಡೆ ಮುಟ್ಟಿದ್ರೆ ವಾರಂಟಿ ಹೋಗುತ್ತೆ ಮರೀ. ನಾಳೆ ಅವರಿಗೆ ಇದನ್ನೆಲ್ಲ ಬರೆದು ಇಮೇಲ್ ಕಳಿಸ್ತೀನಿ."

ಕಳಿಸಿದ. ಎರಡು ದಿನ ಬಿಟ್ಟು ಉತ್ತರ ಬಂತು. ಮನೆಯಲ್ಲಿ ಮಾಡಿದ ಪ್ರಯೋಗಗಳನ್ನು ಕಂಪನಿ ಪರಿಗಣಿಸುವುದಿಲ್ಲ, ಒಳಗಿನ ತೇವಾಂಶ ಕಡಿಮೆ ಮಾಡಿಕೊಳ್ಳಿ ಎಂದಿತ್ತು. ಕೆಳಗೆ ಕ್ರೇಗನ ಹೆಸರು. ಜೊತೆಗೆ ಅದೇ ಬಣ್ಣದ ಹಾಳೆ.

ಮಾರನೆಯ ದಿನ ಮಂಗಳವಾರ. ಬೆಳಿಗ್ಗೆ ಸ್ಕೂಲಿಗೆ ಹೊರಟ ನಿಸರ್ಗಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಎರಡು ಸಲ ಇನ್‌ಹೇಲರು ಎಳೆದ ಮೇಲೆ ಉಸಿರಾಟ ಸರಾಗವಾಯಿತು. "ಐಯಾಮ್ ಓಕೆ, ಅಮ್ಮಾ" ಎಂದು ಅವಳೇ ತಾಯಿಯ ಕೈ ಸವರಿದಳು. ಮರಿತಾಯಮ್ಮ ಮಗಳನ್ನು ಸ್ಕೂಲಿಗೆ ಬಿಟ್ಟು, ನರ್ಸಿಗೆ ಹೇಳಿ, ಮನೆಗೆ ಬಂದು, ಕೋಟು ಕೂಡ ಬಿಚ್ಚದೆ ಅಡುಗೆಮನೆಯ ದೊಡ್ಡ ಚಾಕು ತಗೊಂಡು ಮೇಲೆ ಹೋದಳು.

ಅಲ್ಲಿನ ಗೋಡೆಗಳು ನಮ್ಮ ಇಟ್ಟಿಗೆ ಗೋಡೆಗಳಲ್ಲ. ಮರದ ಚೌಕಟ್ಟಿಗೆ ಎರಡೂ ಕಡೆ ಜಿಪ್ಸಮ್ ಹಲಗೆ ಹೊಡೆದಿರುತ್ತಾರೆ, ಒಳಗೆ ಪೊಳ್ಳು. ಒದ್ದೆಯಾದ ಕಡೆ ಚಾಕು ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಮೊಣಕಾಲೂರಿ ಕೂತು, ಸೋರೆಕಾಯಿ ಕೊಯ್ದಂತೆ ಕೊಯ್ದಳು. ಮೇಲೆ ಒಣಗಿದ್ದ ಕಡೆ ಚಾಕು ಹೋಗಲಿಲ್ಲ. ಅಲ್ಲಿ ಸುತ್ತಿಗೆಯಿಂದ ಹೊಡೆದಳು. ಒಂದು ಏಟು ಕ್ರೇಗನಿಗೆ, ಒಂದು ಏಟು ಆ ಬಣ್ಣದ ಹಾಳೆಗೆ, ಒಂದು 'ಸೋಮವಾರ'ಕ್ಕೆ. ಅಮೆರಿಕಕ್ಕೆ ಬಂದ ಮೇಲೆ ಅಷ್ಟು ಸಮಾಧಾನದ ಕೆಲಸ ಅವಳು ಮಾಡಿರಲಿಲ್ಲ. ಹಲಗೆ ತುಂಡು ತುಂಡಾಗಿ ಕೋಟಿನ ಮೇಲೆಲ್ಲ ಉದುರಿತು.

ಒಳಗೆ ಚಳಿ ತಡೆಯಲು ತುಂಬಿದ್ದ ಗಾಜಿನ ಹತ್ತಿ ಕಪ್ಪಗೆ, ಕೊಳೆತ ಹಾಸಿಗೆಯಂತೆ ಜೋತುಬಿದ್ದಿತ್ತು. ಅದನ್ನು ಎಳೆದು ಹಾಕಿದಾಗ ಪೈಪು ಕಂಡಿತು. ಫರ್ನೇಸಿನಿಂದ ಬಂದ ಬಿಳಿ ಪೈಪು ಗೋಡೆಯೊಳಗೆ ಒಂದು ಗೇಣು ಇಳಿದು ನಿಂತುಬಿಟ್ಟಿತ್ತು. ಬಾಯಿ ತೆರೆದುಕೊಂಡು, ಗಾಳಿಯಲ್ಲಿ. ಎರಡು ಗೇಣು ಕೆಳಗೆ ಚರಂಡಿಯ ಕರಿ ಪೈಪು ಇತ್ತು. ಅದರ ಬಾಯಿಗೆ ಹೊಸದರಲ್ಲಿ ಹಾಕಿದ್ದ ಹಳದಿ ಮುಚ್ಚಳ ಹಾಗೇ ಇತ್ತು. ಎರಡನ್ನೂ ಯಾರೂ ಕೂಡಿಸಿರಲಿಲ್ಲ. ಫರ್ನೇಸು ಕೂರಿಸಿದವರು ಅದು ಪ್ಲಂಬರಿನ ಕೆಲಸ ಎಂದುಕೊಂಡು ಹೋಗಿದ್ದರು, ಪ್ಲಂಬರು ಅದು ಫರ್ನೇಸಿನವರದು ಎಂದುಕೊಂಡಿದ್ದ, ಆಮೇಲೆ ಬಂದವನು ಮೇಲೆ ಹಲಗೆ ಹೊಡೆದು ಬಣ್ಣ ಬಳಿದಿದ್ದ. ಅವಳು ನೋಡುತ್ತಿದ್ದಂತೆಯೇ ಬಿಳಿ ಪೈಪಿನ ತುದಿಯಲ್ಲಿ ನೀರು ತುಂಬಿಕೊಂಡು ಬಿತ್ತು. ಮತ್ತೆ ತುಂಬಿಕೊಂಡಿತು, ಮತ್ತೆ ಬಿತ್ತು.

ಪೈಪಿನ ಕೆಳಗೆ ಒಂದು ಪಾತ್ರೆ ಇಟ್ಟು, ಕ್ಯಾಮೆರಾದಲ್ಲಿ ಇಡೀ ರೀಲು ಖಾಲಿಯಾಗುವವರೆಗೂ ಫೋಟೋ ತೆಗೆದು, ಅವಳು ಮನೆಯಿಂದ ಹೊರಬಿದ್ದಳು. ಎಲ್ಲ ಮನೆಗಳೂ ಒಂದೇ ಅಚ್ಚು ಎಂದ ಮೇಲೆ ಎಲ್ಲ ಗೋಡೆಗಳೂ ಒಂದೇ ಅಚ್ಚು. ಒಂದೊಂದೇ ಬಾಗಿಲು ತಟ್ಟಿದಳು. ಹಗಲು ಹೊತ್ತು, ಬಹಳ ಮನೆ ಬೀಗ ಹಾಕಿದ್ದವು. ಇಪ್ಪತ್ತೆರಡನೇ ನಂಬರಿನಲ್ಲಿ ಲೂರ್ದೆಸ್ ಎಂಬ ಫಿಲಿಪೀನ್ಸಿನ ನರ್ಸು ನೈಟ್ ಡ್ಯೂಟಿ ಮುಗಿಸಿ ಆಗ ತಾನೆ ಬಂದಿದ್ದಳು. ಅವಳ ವಯಸ್ಸಾದ ಅಪ್ಪ ಅದೇ ರೂಮಿನಲ್ಲಿ ಮಲಗುತ್ತಿದ್ದರು. ಅದೇ ಕಪ್ಪು ಚುಕ್ಕೆ, ಅದೇ ವಾಸನೆ. "ಅನ್ನ ಬೇಯಿಸೋದು ಕಡಿಮೆ ಮಾಡಿ ಅಂದ ಆ ಕ್ರೇಗ್" ಎಂದಳು ಲೂರ್ದೆಸ್. ಇಬ್ಬರೂ ಮುಖ ಮುಖ ನೋಡಿಕೊಂಡರು.

ನಾಲ್ಕನೇ ನಂಬರು ದ್ವಾರಕಾನಾಥರ ಮನೆ. ಅವರು ಆಫೀಸಿಗೆ ಹೋಗಿದ್ದರು. ಹೆಂಡತಿ ಊರ್ಮಿಳಾ ಬಾಗಿಲು ತೆಗೆದು, ಮರಿತಾಯಮ್ಮನ ಕೋಟಿನ ಮೇಲಿನ ಬಿಳಿ ಪುಡಿ ನೋಡಿ ಗಾಬರಿಯಾದರು.

"ನಿಮ್ಮ ಮೇಲಿನ ಕಾರಿಡಾರು ಒಂದ್ನಿಮಿಷ ನೋಡ್ಲಾ ಅಮ್ಮಾ?"

ಮೇಲೆ ಹೋದರು. ಕ್ಲಾಸೆಟ್ಟಿನ ಗೋಡೆ, ಆಚೆ ರೂಮು. ಗೋಡೆಯ ಬುಡದಲ್ಲಿ ಎರಡಡಿ ಚೌಕದಷ್ಟು ಬಣ್ಣ ಉಳಿದದ್ದಕ್ಕಿಂತ ಹೊಳೆಯುತ್ತಿತ್ತು.

"ಇದೇನಿದು?"

"ಓ ಅದಾ? ಆ ಕ್ರೇಗ್ ಜೊತೆ ಕೆಲಸದವರು ನವೆಂಬರಲ್ಲೇ ಬಂದು ಸರಿ ಮಾಡಿಕೊಟ್ರಲ್ಲ. ಒಳಗೆ ಪೈಪು ಕೂಡಿಸೋದನ್ನೇ ಮರೆತಿದ್ರಂತೆ. ಇವರಿಂದ ಏನೋ ಕಾಗದಕ್ಕೆ ಸೈನ್ ಕೂಡ ಮಾಡಿಸ್ಕೊಂಡ್ರು." ಊರ್ಮಿಳಾ ಸಹಜವಾಗಿ ಕೇಳಿದರು, "ಯಾಕೆ, ನಿಮ್ಮನೇಲಿ ಮಾಡಿಲ್ವಾ?"

ನವೆಂಬರು. ಅವಳು ಅವರ ಡ್ರೈವ್‌ವೇಯಲ್ಲಿ ನಿಂತು ಕೇಳಿದ್ದು ಡಿಸೆಂಬರಿನ ಕೊನೆಯಲ್ಲಿ. ಕ್ರೇಗ್ ಕುಕ್ಕರಿನ ಮುಂದೆ ನಿಂತು ನಕ್ಕಾಗ ಅವನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

"ಇಲ್ಲಮ್ಮ, ನಮ್ಮನೇಲಿ ಮಾಡಿಲ್ಲ" ಎಂದು ಹೇಳಿ ಮೆಟ್ಟಿಲಿಳಿದಳು. ಊರ್ಮಿಳಾರ ಮೇಲೆ ಅವಳಿಗೆ ಕೋಪ ಬರಲಿಲ್ಲ. ಆಕೆಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಕ್ಲಬ್‌ಹೌಸಿನಲ್ಲಿ ಅಸೋಸಿಯೇಷನ್ ಮೀಟಿಂಗು. ಲೂರ್ದೆಸ್ ಮನೆಮನೆಗೆ ಹೋಗಿ ಹೇಳಿದ್ದರಿಂದ ನಲವತ್ತು ಜನ ಸೇರಿದ್ದರು. ಮುಂದೆ ಮೇಜಿನ ಹಿಂದೆ ದ್ವಾರಕಾನಾಥ, ಪಕ್ಕದಲ್ಲಿ ಕ್ರೇಗ್. ಶಿವರಾಮು ಹೆಂಡತಿಯ ಪಕ್ಕ ಕೂತಿದ್ದ. ಗೋಡೆ ಕೊಯ್ದದ್ದಕ್ಕೆ ಅವನು ಮೂರು ದಿನ ಸರಿಯಾಗಿ ಮಾತಾಡಿರಲಿಲ್ಲ.

ಮರಿತಾಯಮ್ಮ ಎದ್ದು ನಿಂತಳು. ಇಂಗ್ಲಿಷಿನಲ್ಲಿ, ಪಾಠ ಮಾಡುವಂತೆ, ನೋಟ್‌ಬುಕ್ಕಿನ ಅಂಕಿಗಳನ್ನು ಓದಿದಳು. ಫೋಟೋಗಳನ್ನು ಸಾಲಿನಿಂದ ಸಾಲಿಗೆ ಕಳಿಸಿದಳು. ದನಿ ಎಷ್ಟು ಇಳಿದಿತ್ತೆಂದರೆ ಹಿಂದಿನವರು ಕುರ್ಚಿ ಎಳೆದುಕೊಂಡು ಮುಂದೆ ಬಂದರು.

ಕ್ರೇಗ್ ಗಂಟಲು ಸರಿಮಾಡಿಕೊಂಡ. "ಮೇರಿ, ನೀವು ಗೋಡೆ ಕತ್ತರಿಸಿದ್ದರಿಂದ ನಿಮ್ಮ ವಾರಂಟಿ..."

"ನನ್ನ ಹೆಸರು ಮರಿತಾಯಮ್ಮ. ನಾಲ್ಕನೇ ನಂಬರಿನ ಗೋಡೆಯನ್ನ ನವೆಂಬರಲ್ಲಿ ಕತ್ತರಿಸಿದ್ದು ಯಾರು?"

ಕ್ರೇಗ್ ಕ್ಲಿಪ್‌ಬೋರ್ಡಿನ ಹಾಳೆ ತಿರುವತೊಡಗಿದ. ಅವಳು ದ್ವಾರಕಾನಾಥರ ಕಡೆ ತಿರುಗಿದಳು, ಕನ್ನಡದಲ್ಲೇ ಕೇಳಿದಳು. "ಸಾರ್, ನಿಮ್ಮನೇಲಿ ಹೀಗಾಗಿದೆಯಾ ಅಂತ ನಾನು ಕೇಳಿದ್ದೆ. ಏನೂ ಇಲ್ಲ ಅಂದ್ರಿ. ನನ್ನ ಮಗಳು ಕೆಮ್ಮೋದು ನಿಮಗೆ ಗೊತ್ತಿತ್ತು."

ದ್ವಾರಕಾನಾಥರ ಮುಖ ಬಿಳಿಚಿತು. "ನಾನು ಸೈನ್ ಮಾಡಿದ್ದೆ ಕಣಮ್ಮ. ಯಾರಿಗಾದ್ರೂ ಹೇಳಿದ್ರೆ ರಿಪೇರಿಗೆ ತಾವು ಜವಾಬ್ದಾರರಲ್ಲ ಅಂತ ಅದರಲ್ಲಿತ್ತು."

"ಏನು ಮಾಡ್ತಿದ್ರು ಸಾರ್? ಕೂಡಿಸಿದ ಪೈಪು ಬಿಚ್ಕೊಂಡು ಹೋಗ್ತಿದ್ರಾ?"

ಭಾಷೆ ಗೊತ್ತಿಲ್ಲದವರಿಗೂ ವಿಷಯ ಅರ್ಥವಾಗಿತ್ತು. ಸಭೆಯಲ್ಲಿ ಗದ್ದಲ ಎದ್ದಿತು. ಕ್ರೇಗ್ ಕೈ ಎತ್ತಿ, ಗೋಡೆ ಮುಟ್ಟಿದ ಮಾಲೀಕರ ಹೆಸರನ್ನು ತಾನು ದಾಖಲಿಸಬೇಕಾಗುತ್ತದೆ ಎಂದ. ಆಗ ಶಿವರಾಮು ಎದ್ದ. ಸಭೆಗಳಲ್ಲಿ ಬಾಯಿ ಬಿಡುವ ಮನುಷ್ಯನಲ್ಲ ಅವನು, ಕಿವಿ ಕೆಂಪಾಗಿತ್ತು.

"ಮನೆ ಇಬ್ಬರ ಹೆಸರಲ್ಲಿದೆ. ನನ್ನ ಹೆಸರನ್ನೂ ಬರ್ಕೊಳ್ಳಿ. ಮೊದಲ ದಿನವೇ ನಾನೇ ಕೊಯ್ಯಬೇಕಿತ್ತು."

ಹಿಂದಿನಿಂದ ಲೂರ್ದೆಸ್ ಕೇಳಿದಳು, "ಆ ಚಾಕು ಎಲ್ಲಿದೆ? ಸ್ವಲ್ಪ ನನಗೆ ಕೊಡ್ತೀರಾ?"

ಭಾನುವಾರ ಸಂಜೆಯ ಹೊತ್ತಿಗೆ ಕಾಲನಿಯಲ್ಲಿ ಹನ್ನೊಂದು ಗೋಡೆಗಳು ತೆರೆದುಕೊಂಡವು. ಹನ್ನೊಂದರಲ್ಲೂ ಬಿಳಿ ಪೈಪು ಗಾಳಿಯಲ್ಲಿ ನಿಂತಿತ್ತು. ಬುಧವಾರ ಕಂಪನಿಯಿಂದ ಎಲ್ಲ ಮನೆಗಳಿಗೂ ಪತ್ರ ಬಂತು. 'ಗ್ರಾಹಕರ ಮೇಲಿನ ಸೌಜನ್ಯದಿಂದ' ಮೂವತ್ತಾರು ಮನೆಗಳ ಗೋಡೆಗಳನ್ನೂ ಪರೀಕ್ಷಿಸಿ ಸರಿಪಡಿಸುತ್ತೇವೆ ಎಂದಿತ್ತು. ತಪ್ಪಾಯಿತು ಎಂಬ ಮಾತು ಎಲ್ಲೂ ಇರಲಿಲ್ಲ. ಮರಿತಾಯಮ್ಮ ಕೆಂಪು ಪೆನ್ನು ತಗೊಂಡು 'ಸೌಜನ್ಯ'ದ ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ 'ತಪ್ಪು ಪದ, ತಿದ್ದಿ ಬರೆಯಿರಿ' ಎಂದು ಇಂಗ್ಲಿಷಿನಲ್ಲಿ ಬರೆದು ವಾಪಸ್ ಅಂಚೆಗೆ ಹಾಕಿದಳು. ಅದಕ್ಕೆ ಉತ್ತರ ಬರಲಿಲ್ಲ.

ದ್ವಾರಕಾನಾಥರು ಮುಂದಿನ ವಾರ ಮನೆಗೆ ಬಂದು, ಸೋಫಾದ ಅಂಚಿನಲ್ಲಿ ಕೂತು, ತಮ್ಮ ಕಷ್ಟ ಹೇಳಿಕೊಂಡರು. ನಿಜಕ್ಕೂ ಕಂಗಾಲಾಗಿದ್ದರು. ಶಿವರಾಮು ಸಮಾಧಾನದ ಮಾತಾಡಿದ. ಮರಿತಾಯಮ್ಮ ಕಾಫಿ ಕೊಟ್ಟಳು, ಎದುರಿಗೆ ಕೂತಳು. "ಆಯ್ತು ಸಾರ್" ಎಂದಳು. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ, ಕ್ಷಮಿಸಿಯೂ ಇರಲಿಲ್ಲ.

ಅವಳ ಮನೆಯ ರಿಪೇರಿಗೆ ಬಂದವನು ರೂಬೆನ್ ಎಂಬ ಮೆಕ್ಸಿಕೋದ ಕೆಲಸಗಾರ. ಕೊಳೆತ ಹತ್ತಿಯನ್ನೆಲ್ಲ ಚೀಲಕ್ಕೆ ತುಂಬಿ, ಬಿಳಿ ಪೈಪನ್ನು ಇಳಿಜಾರಾಗಿ ತಂದು, ನಡುವೆ ನೀರು ನಿಲ್ಲುವ ಒಂದು ಬಾಗು ಕೊಟ್ಟು, ಕರಿ ಪೈಪಿಗೆ ಕೂಡಿಸಿ ಅಂಟು ಹಾಕಿದ. ಮರಿತಾಯಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಪ್ರತಿಯೊಂದನ್ನೂ ಕೇಳಿದಳು. ಬಾಗು ಯಾಕೆ? ಚರಂಡಿಯ ಗಾಳಿ ಮೇಲೆ ಬರದ ಹಾಗೆ. ಇಳಿಜಾರು ಎಷ್ಟು? ರೂಬೆನ್ ಬೆರಳಿನಲ್ಲಿ ತೋರಿಸಿದ. ಹೊರಡುವಾಗ ಉಪಕರಣ ಒರೆಸುತ್ತ ತಾನಾಗಿಯೇ ಹೇಳಿದ, "ವಾಲ್ನಟ್ ಕ್ರೀಕಿನಲ್ಲೂ ಇದೇ ಕಂಪನಿಯ ಕಾಲನಿ ಇದೆ ಸೆನ್ಯೋರಾ. ಅದೇ ವರ್ಷ ಕಟ್ಟಿದ್ದು, ಅದೇ ಜನ."

"ಅಲ್ಲಿಗೆ ಪತ್ರ ಹೋಗಿದೆಯಾ?"

ರೂಬೆನ್ ಭುಜ ಕುಣಿಸಿದ.

ಮಾರನೆಯ ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು ಅವಳು ಬಾರ್ಟ್ ರೈಲು ಹಿಡಿದಳು, ನಡುವೆ ಇಳಿದು ಇನ್ನೊಂದು ರೈಲು ಹತ್ತಿದಳು. ವಾಲ್ನಟ್ ಕ್ರೀಕಿನ ಆ ಕಾಲನಿಯಲ್ಲಿ ಐವತ್ತೆರಡು ಮನೆ. ಒಂಬತ್ತು ದಿನ ಹೋದಳು. ಕೆಲವರು ಬಾಗಿಲು ಮುಚ್ಚಿದರು, ಒಬ್ಬ ಪೊಲೀಸರನ್ನು ಕರೆಯುತ್ತೇನೆ ಎಂದ. ಒಬ್ಬ ಮುದುಕಿ ಅವಳನ್ನು ಒಳಗೆ ಕರೆದು, ಒದ್ದೆ ಗೋಡೆ ತೋರಿಸಿ, "ನಾನು ಗಿಡಗಳಿಗೆ ಜಾಸ್ತಿ ನೀರು ಹಾಕ್ತೀನಂತೆ" ಎಂದು ಅತ್ತಳು. ಮರಿತಾಯಮ್ಮ ಎಲ್ಲರಿಗೂ ಫೋಟೋ ಕೊಟ್ಟಳು, ಎಲ್ಲಿ ಕೊಯ್ಯಬೇಕು ಎಂದು ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಗೆರೆ ಎಳೆದು ಕೊಟ್ಟಳು. ಮಾರ್ಚಿನ ಹೊತ್ತಿಗೆ ಅಲ್ಲಿಯೂ ಗೋಡೆಗಳು ತೆರೆದವು.

ಶಿವರಾಮುವಿನ ಕಂಪನಿಯ ಐಪಿಓ ಆಗಲಿಲ್ಲ. ಮರುವರ್ಷ ಕಂಪನಿಯೇ ಮುಚ್ಚಿತು, ಅವನಿಗೆ ಆರು ವಾರದಲ್ಲಿ ಬೇರೆ ಕೆಲಸ ಸಿಕ್ಕಿದ್ದು ಅದೃಷ್ಟ. ಕ್ಯುಪರ್ಟಿನೋದ ಮಾತು ನಿಂತಿತು. ನಿಸರ್ಗಾಳ ಕೆಮ್ಮು ಬೇಸಿಗೆಯಲ್ಲಿ ಹೋಯಿತು. ಗೋಡೆಯಿಂದಲೇ ಬಂದಿತ್ತೆಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಎರಡು ಸಾವಿರದ ಎರಡರಲ್ಲಿ ಮರಿತಾಯಮ್ಮನಿಗೆ ಕೆಲಸದ ಪರ್ಮಿಟ್ ಬಂದಾಗ, ಎಲ್ಲರೂ ಅವಳು ಯಾವುದಾದರೂ ಸ್ಕೂಲು ಸೇರುತ್ತಾಳೆ ಎಂದುಕೊಂಡಿದ್ದರು. ಅವಳು ಸೇರಿದ್ದು, ಜನ ಮನೆ ಮಾರುವಾಗ, ಕೊಳ್ಳುವಾಗ ಪರೀಕ್ಷೆ ಮಾಡಿ ವರದಿ ಬರೆಯುವ ಒಬ್ಬ ಇನ್‌ಸ್ಪೆಕ್ಟರ್ ಹತ್ತಿರ. ಟಾರ್ಚು ಹಿಡಿದು ಮನೆಗಳ ಅಟ್ಟ ಹತ್ತುವುದು, ನೆಲದಡಿ ತೆವಳುವುದು ಅವಳಿಗೆ ಒಗ್ಗಿತು.

ರಿಯಲ್ ಎಸ್ಟೇಟ್ ಏಜೆಂಟರಿಗೆ ಅವಳನ್ನು ಕಂಡರಾಗುತ್ತಿರಲಿಲ್ಲ. ಒಬ್ಬ ಒಂದು ಸಲ ಫೋನು ಮಾಡಿ, ವರದಿಯಲ್ಲಿ 'ನೀರು ಸೋರುತ್ತಿದೆ' ಎಂದಿರುವುದನ್ನು 'ತುಸು ತೇವ ಕಂಡುಬಂದಿದೆ' ಎಂದು ಬದಲಿಸಿಕೊಡಿ, ಖರೀದಿಸುವವರು ಹೆದರುತ್ತಾರೆ ಎಂದು ಬೇಡಿಕೊಂಡ.

"ಆ ಮನೇಲಿ ಮಕ್ಕಳಿರ್ತಾರಾ?" ಎಂದು ಅವಳು ಕೇಳಿದಳು.

ಖರೀದಿಸುವವರಿಗೆ ಇಬ್ಬರು ಮಕ್ಕಳಿದ್ದಾರೆ ಎಂದ ಅವನು.

ಅವಳು ಫೋನು ಇಟ್ಟು, ವರದಿಯನ್ನು ಇದ್ದ ಹಾಗೆಯೇ ಖರೀದಿಸುವವರಿಗೆ ಕಳಿಸಿದಳು.